ಹೆಸರಿನ ಹಿಂದೆ ಬಂದ ಹೊಳೆ

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ವೇಲ್ಸ್ ನಾಡಿನ ಶಿಷ್ಯನೊಬ್ಬನಿದ್ದ. ಹುಟ್ಟುಹೆಸರು ಗ್ವಿಲಿಮ್. ಗುರುಗಳು ಇಟ್ಟದ್ದು ಶಾಂತಯ್ಯ.

ಒಂದು ಬೆಳಿಗ್ಗೆ ಅವನು ಗಂಟುಮೂಟೆ ಹೆಗಲಿಗೇರಿಸಿ ಗುರುಗಳ ಮುಂದೆ ಬಂದು ನಿಂತ.

"ಬುದ್ಧೀ, ಈ ಹೆಸರು ವಾಪಸ್ ತೊಗೊಳ್ಳಿ. ನಾನು ಹೊರಟೆ."

"ಏನಾಯ್ತಪ್ಪಾ?"

"ರೊಟ್ಟಿ ಸೀದಿತೆಂದು ಅಡುಗೆಯ ಪಾರವ್ವನ ಮೇಲೆ ಕೂಗಾಡಿದೆ. ಮೂರು ವರ್ಷದಿಂದ ಇದೇ ಹಣೆಬರಹ."

ಅಡುಗೆಮನೆಯ ಬಾಗಿಲಿಂದ ಪಾರವ್ವ ಇಣುಕಿದಳು. "ಶಾಂತಯ್ಯನೋರ ಶಾಂತಿ ಹೊಳೀ ಆಚಿ ದಂಡೀಗೂ ಕೇಳಿಸ್ತು ಬಿಡ್ರಿ!"

ಶಿಷ್ಯನ ಮುಖ ಕೆಂಪೇರಿತು. "ನೋಡಿದಿರಾ? ಹೆಸರೇ ಸುಳ್ಳು."

ಗುರುಗಳಿಗೋ, ಊರ ಹೆಸರುಗಳೆಂದರೆ ಎಲ್ಲಿಲ್ಲದ ಹುಚ್ಚು. "ಹೋಗುವಿಯಂತೆ. ಅದಕ್ಕೆ ಮೊದಲು ಹೇಳು, ನಿಮ್ಮೂರು ಯಾವುದು?"

"ಅಬೆರಿಸ್ತ್ವಿತ್."

ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಹೇಳುವ ಹೆಸರಲ್ಲ ಅದು. ಗುರುಗಳು ಎರಡು ಸಲ ಹೇಳಿ ನೋಡಿದರು. ಎರಡು ಸಲವೂ ನಾಲಿಗೆ ಜಾರಿತು.

"ಅರ್ಥ?"

"ಅಬೆರ್ ಅಂದರೆ ಹೊಳೆ ಹೋಗಿ ಸೇರುವ ಜಾಗ. ಇಸ್ತ್ವಿತ್ ಅನ್ನೋದು ಹೊಳೆ. ಬಳುಕುವಂಥದು ಅಂತ. ಇಸ್ತ್ವಿತ್ ಕಡಲು ಸೇರುವ ಊರು."

"ಅದರ ದಂಡೆಯ ಮೇಲೇ ಊರು ಕಟ್ಟಿದರೆನ್ನು!"

"ಇಲ್ಲ ಬುದ್ಧೀ. ಮೊದಲ ಕೋಟೆ ಇದ್ದದ್ದು ಇಸ್ತ್ವಿತ್ ಹತ್ತಿರ. ಆಮೇಲೆ ಒಂದೂವರೆ ಮೈಲಿ ಆಚೆ, ರೈಡೊಲ್ ಎಂಬ ಬೇರೆಯೇ ಹೊಳೆಯ ಪಕ್ಕ ಹೊಸ ಕೋಟೆ ಎದ್ದಿತು, ಊರು ಬೆಳೆಯಿತು. ಬರಬರುತ್ತ ಹಳೆಯ ಕೋಟೆಯ ಹೆಸರೇ ಅದಕ್ಕೂ ಅಂಟಿಕೊಂಡಿತು."

ಗುರುಗಳು ಮುಂದಕ್ಕೆ ಸರಿದು ಕೂತರು. "ಅಂದರೆ ಹೊಳೆ ಅಲ್ಲಿ, ಹೆಸರು ಇಲ್ಲಿ! ಸುಳ್ಳು ಹೆಸರು, ಬದಲಾಯಿಸಿ ಅಂತ ಯಾರೂ ಗಲಾಟೆ ಮಾಡಲಿಲ್ಲವೇ?"

"ಇಲ್ಲ. ನೂರಾರು ವರ್ಷ ಹಾಗೇ ಕರೆದರು."

"ಆಮೇಲೆ?"

"ಆಮೇಲೆ ಬಂದರಿನಲ್ಲಿ ಹೂಳು ತುಂಬಿತು. ಅದನ್ನು ಕೊಚ್ಚಿಕೊಂಡು ಹೋಗಲೆಂದು ದಾರಿ ತೋಡಿ ಇಸ್ತ್ವಿತ್ ಹೊಳೆಯನ್ನು ಊರ ಕಡೆಗೆ..."

ಶಿಷ್ಯ ಹೆಗಲ ಮೇಲಿನ ಗಂಟನ್ನೊಮ್ಮೆ ನೋಡಿಕೊಂಡ.

"ಹೇಳಪ್ಪಾ, ನಿಲ್ಲಿಸಿದೆ ಯಾಕೆ?"

"ತಿರುಗಿಸಿದರು. ಈಗ ಅದು ನಮ್ಮೂರಲ್ಲೇ ಕಡಲು ಸೇರುತ್ತದೆ."

ಗುರುಗಳು ಎದ್ದರು. ಅವನ ಹೆಗಲಿಂದ ಗಂಟು ಇಳಿಸಿ, ಮೂಲೆಯಲ್ಲಿದ್ದ ಸಲಿಕೆ ತಂದು ಕೈಗಿಟ್ಟರು.

"ಪಾರವ್ವನ ಅಡುಗೆಮನೆ ಹಿಂದಿನ ಕಾಲುವೆಯಲ್ಲಿ ಹೂಳು ತುಂಬಿದೆ. ಹೋಗಿ ತೋಡು, ಶಾಂತಯ್ಯ."