ಕೊಪ್ಪರಿಗೆಗೆ ಕಟ್ಟಿದ ಕೆಂಪು ದಾರ

“ಗುರುಗಳೇ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಯಾವ ಕಂಪ್ಯೂಟರಿನ ಪ್ರೊಸೆಸರಾದರೂ ‘ಇದು ಸಂಖ್ಯೆಯಲ್ಲ’ ಎಂದೇ ಹೇಳುತ್ತದೆ. ಅದಕ್ಕೆ ಹಾಕುವ ಗುರುತು ಮಾತ್ರ ಒಂದೊಂದರದು ಒಂದೊಂದು ಬಗೆ. ಒಂದು ಪ್ರೊಸೆಸರಿನ ಕೆಲಸವನ್ನು ಇನ್ನೊಂದರಿಂದ ಮಾಡಿಸುವಾಗ ಸರಿಯಾದ ಉತ್ತರಗಳು ಹೊಂದಿದರೆ ಸಾಲದೇ? ಉತ್ತರವೇ ಇಲ್ಲದ ಕಡೆಯೂ ಮೊದಲಿನದರ ಗುರುತನ್ನೇ ಏಕೆ ಹಾಕಬೇಕು?” ಎಂದು ಶಿಷ್ಯೆ ವನಜಾಕ್ಷಿ ಕೇಳಿದಳು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಮನೆಮನೆಯ ಹಾಲನ್ನು ಕೊಪ್ಪರಿಗೆಗಳಿಗೆ ಸುರಿದು ಕಾಯಿಸುತ್ತಿದ್ದರು. ಪ್ರತಿ ಮನೆಗೂ ಒಂದು ಬಣ್ಣದ ದಾರವಿತ್ತು. ಹಾಲು ಒಡೆದರೆ ಪರೀಕ್ಷಕನು ಕೊಪ್ಪರಿಗೆಗೆ ಬೇವಿನ ಕಡ್ಡಿ ಸಿಕ್ಕಿಸಿ ಬದಿಗಿಡುತ್ತಿದ್ದನು. ದಾರ ಕಟ್ಟುತ್ತಿದ್ದುದು ನೀರು ಬೆರೆಸಿ ಸಿಕ್ಕಿಬಿದ್ದ ಮನೆಯದನ್ನು ಮಾತ್ರ.

ಪರೀಕ್ಷಕನು ಕಾಯಿಲೆ ಬಿದ್ದನು. ಬೇರೆ ಊರಿನವನೊಬ್ಬನು ಬದಲಿಗೆ ಬಂದನು. ಅವನ ಅಳತೆಯಲ್ಲಿ ಒಂದು ಹನಿಯೂ ತಪ್ಪಲಿಲ್ಲ. ಎಂಟು ದಿನ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಒಂಬತ್ತನೆಯ ದಿನ ಒಂದು ಕೊಪ್ಪರಿಗೆಯ ಹಾಲು ಒಡೆಯಿತು. ಅವನ ಊರಿನಲ್ಲಿ, ಯಾವ ಕೊಪ್ಪರಿಗೆಯೆಂದು ತಿಳಿಯಲಿ ಎಂದು, ಅದಕ್ಕೆ ಮೊದಲು ಸುರಿದವರ ದಾರ ಕಟ್ಟುವುದು ವಾಡಿಕೆ. ಅವನು ಕೆಂಪು ದಾರ ಕಟ್ಟಿದನು. ಅದು ಒಂದೇ ಹಸುವಿನಿಂದ ಬದುಕುತ್ತಿದ್ದ ಹೆಂಗಸಿನದು.

ಮರುದಿನ ಅವಳ ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ. ಅವಳ ತಂಬಿಗೆಯನ್ನು ಮೂಸಿದರು, ಬೆರಳದ್ದಿ ನೋಡಿದರು. “ನಿನ್ನ ಹಸು ಬಾವಿಯಲ್ಲಿ ಮೇಯುತ್ತದೆಯೇನಕ್ಕಾ?” ಎಂದಳೊಬ್ಬಳು. ಅವಳು ಆಣೆ ಇಟ್ಟಳು. ಕಳ್ಳರೇ ಮೊದಲು ಆಣೆ ಇಡುವುದೆಂದು ಅದಕ್ಕೂ ಮಾತು ಹುಟ್ಟಿತು.

ಬದಲಿಯವನು ಇದೆಲ್ಲವನ್ನೂ ನೋಡುತ್ತಿದ್ದನು. ಊರಿಗೆ ಊರೇ ಅನುಮಾನಿಸಬೇಕಾದರೆ ಅವಳಲ್ಲಿ ಏನೋ ಇದ್ದೇ ಇರಬೇಕು ಎನಿಸಿತು ಅವನಿಗೆ. ಅವಳ ಹಾಲನ್ನು ಎರಡೆರಡು ಸಲ ಪರೀಕ್ಷಿಸಿದನು. ಏನೂ ಸಿಗಲಿಲ್ಲ. ಸಿಗದಷ್ಟು ಜಾಣತನವಿದೆ ಇವಳಿಗೆ ಎಂದುಕೊಂಡನು. ಕೊನೆಗೆ ಅವಳ ಹಾಲನ್ನು ತೆಗೆದುಕೊಳ್ಳುವುದನ್ನೇ ಬಿಟ್ಟನು.

ಹದಿನೈದು ದಿನಕ್ಕೆ ಪರೀಕ್ಷಕನು ಚೇತರಿಸಿಕೊಂಡು ಬಂದನು. ಬದಿಗಿಟ್ಟ ಕೊಪ್ಪರಿಗೆಯಲ್ಲಿ ಕೆಂಪು ದಾರವನ್ನು ಕಂಡನು.

“ಅವಳ ಹಾಲಿನಲ್ಲಿ ನೀನು ಏನು ಕಂಡೆಯಪ್ಪಾ?”

“ಆ ದಿನವೇ? ಏನೂ ಕಾಣಲಿಲ್ಲ ಅಣ್ಣಾ. ಮೊದಲು ಸುರಿದವಳು ಅವಳು, ಅಷ್ಟೇ. ನಮ್ಮ ಕಡೆ ಹಾಗೆಯೇ ಕಟ್ಟುತ್ತೇವೆ.”

ಪರೀಕ್ಷಕನು ದಾರವನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದು, ಅವಳ ಮನೆಯತ್ತ ನಡೆದನು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವನಜಾಕ್ಷಿಗೆ ಸಮಾಧಾನವಾಗಲಿಲ್ಲ. ತನ್ನನ್ನು ಒಪ್ಪಿಸಲೆಂದೇ ಹೆಣೆದ ಕತೆಯಿದು ಎಂಬ ಗುಮಾನಿ ಅವಳದು.

“ಆದರೆ ಬದಲಿಯವನು ಸುಳ್ಳು ಹೇಳಲಿಲ್ಲವಲ್ಲ, ಗುರುಗಳೇ?” ಎಂದಳು.

“ಇಲ್ಲ ತಾಯಿ, ಯಾರೊಬ್ಬರೂ ಸುಳ್ಳು ಹೇಳದೆಯೇ ಅವಳು ಊರು ಬಿಟ್ಟಾಗಿತ್ತು.”