ಬೈಯಲು ಬಾರದ ಹೆಸರು

"ಗುರುಗಳೇ, ಈ ಕಾಲದಲ್ಲಿ ಹುಟ್ಟಿದ ಮಗುವಿಗೆ ಅಜ್ಜಿಯ ಕಾಲದ ಹೆಸರಿಡುವುದು ಸರಿಯೇ?" ಎಂದು ಚೆನ್ನವೀರ ಕೇಳಿದ.

ಗುರುಗಳು ಕಣ್ಣು ತೆರೆದರು. "ಯಾರ ಮಗು? ಯಾವ ಹೆಸರು?"

"ನನ್ನ ಮಗಳೇ. ನಾಡಿದ್ದು ತೊಟ್ಟಿಲಿಗೆ ಹಾಕುತ್ತೇವೆ. ತೀರಿಹೋದ ನನ್ನ ತಾಯಿಯ ಹೆಸರು ಬಸಲಿಂಗವ್ವ. ಅದನ್ನೇ ಇಡಬೇಕೆಂದು ಹೆಂಡತಿಯ ಹಟ. ಕೇಳಿದವರೆಲ್ಲ ನಗುತ್ತಿದ್ದಾರೆ. ಹೊಸ ಹೆಸರು ನೂರು ಹೇಳಿದೆ, ಒಂದಕ್ಕೂ ಒಪ್ಪಲಿಲ್ಲ. ಯಾಕೆಂದು ಕೇಳಿದರೆ ಬಾಯಿ ಬಿಡುವುದಿಲ್ಲ. ಕೊನೆಗೆ ನಾಲ್ಕು ಮಾತು ಬೈದು ಎದ್ದು ಬಂದೆ."

"ಓಹೋ, ಮನೆಯಲ್ಲೂ ಆಯಿತೇ! ಇಲ್ಲಿ ಬಾಗಿಲಲ್ಲಿ ನಿನ್ನ ಚಪ್ಪಲಿ ಸರಿಸಿದವನಿಗೆ ಬೈದದ್ದು ನನಗೆ ಒಳಗೇ ಕೇಳಿಸಿತು. ಇರಲಿ. ನಿನ್ನ ತಾಯಿಗೆ ಎಂದಾದರೂ ಬೈದದ್ದುಂಟೇ?"

"ಛೆ ಛೆ! ಏನು ಮಾತು ಗುರುಗಳೇ. ದೇವರಂಥವಳು. ಅವಳ ಎದುರು ದನಿ ಎತ್ತಿದವನಲ್ಲ ನಾನು."

"ಸರಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಕೈ ಬಂಗಾರ, ಬಾಯಿ ಬೆಂಕಿ. ಎಳೆ ಹರಿದರೆ ಮಗ್ಗಕ್ಕೆ ಬೈಯುವನು, ಸಾರು ಸಪ್ಪೆಯಾದರೆ ಹೆಂಡತಿಗೆ ಬೈಯುವನು, ಯಾರೂ ಸಿಗದಿದ್ದರೆ ಬಾಗಿಲ ಮುಂದೆ ಹಾದುಹೋದ ನಾಯಿಗಾದರೂ ಬೈಯುವನು. ಕೆಟ್ಟವನೇನಲ್ಲ. ಬೈದದ್ದನ್ನು ಆ ಗಳಿಗೆಯಲ್ಲೇ ಮರೆತುಬಿಡುತ್ತಿದ್ದ. ಬೈಸಿಕೊಂಡವರು ಮರೆಯುತ್ತಿದ್ದರೇ ಎಂದು ಮಾತ್ರ ಅವನು ಯಾವತ್ತೂ ಕೇಳಿದವನಲ್ಲ.

ಅವನಿಗೆ ಒಬ್ಬಳೇ ಮಗಳು. ಅವಳು ಹುಟ್ಟಿದ ವರ್ಷವೇ ಅವನ ತಾಯಿ ತೀರಿಕೊಂಡಿದ್ದಳು. ಆ ತಾಯಿಯ ಹೆಸರು ಕೆಂಚವ್ವ. ಮಗುವಿಗೂ ಅದೇ ಹೆಸರಿಟ್ಟರು.

ಹುಡುಗಿಗೆ ಐದು ವರ್ಷವಾಗಿದ್ದಾಗ ಒಂದು ದಿನ ಮಗ್ಗಕ್ಕೆ ಹೂಡಿದ್ದ ರೇಷ್ಮೆ ಎಳೆಗಳನ್ನು ಹಿಡಿಯಷ್ಟು ಕತ್ತರಿಸಿ ತನ್ನ ಗೊಂಬೆಗೆ ಜಡೆ ಹೆಣೆದಳು. ತಿಂಗಳ ದುಡಿಮೆ ಮಣ್ಣುಪಾಲಾಯಿತು. ನೇಕಾರ ಕೈ ಎತ್ತಿಕೊಂಡು ಬಂದ. "ಏ ಕೆಂ..." ಎಂದ. ಅಷ್ಟೇ, ಮುಂದೆ ಮಾತು ಹೊರಡಲಿಲ್ಲ. ತನ್ನನ್ನು ಹೆತ್ತವಳ ಹೆಸರು! ಆ ಹೆಸರು ಹಿಡಿದು ಬೈಯುವುದು ಹೇಗೆ? ಎತ್ತಿದ ಕೈಯಿಂದ ತಲೆ ಕೆರೆದುಕೊಂಡ. ಹಿತ್ತಲಿಗೆ ಹೋಗಿ ಅಲ್ಲಿ ಕಟ್ಟಿದ್ದ ಆಡಿಗೆ ಮನಸಾರೆ ಬೈದ. ಪಾಪ, ಆಡು ಮೇವು ಬಿಟ್ಟು ಅವನ ಮುಖವನ್ನೇ ನೋಡಿತಂತೆ.

ಹೀಗೆ ವರ್ಷಗಳು ಕಳೆದವು. ಆ ಮನೆಯಲ್ಲಿ ಬೈಗುಳ ತಿನ್ನದೆ ಬೆಳೆದದ್ದು ಆ ಹುಡುಗಿಯೊಬ್ಬಳೇ. ಅವಳ ನಡಿಗೆಯೇ ಬೇರೆ. ತಲೆ ಎತ್ತಿ ನಡೆಯುವಳು, ಕೇಳಿದ್ದಕ್ಕೆ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಡುವಳು. ಅಬ್ಬಾ, ಎಂಥ ಹುಡುಗಿ ಎಂದು ನೋಡಿದವರು ಮೆಚ್ಚುತ್ತಿದ್ದರು. ಹೆಸರು ಕೇಳಿದ ಮೇಲೆ ಮಾತ್ರ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ.

"ಬೀದಿಯಲ್ಲಿ ನಿಂತು ಕೆಂಚವ್ವಾ ಎಂದು ಕೂಗಿದರೆ ಊರಿನ ಮುದುಕಿಯರೆಲ್ಲ ತಿರುಗಿ ನೋಡುತ್ತಾರೆ" ಎಂದು ನೆರೆಮನೆಯವಳು ನಕ್ಕಳು. "ಸೀರೆಯೇನೋ ಹೊಸದು, ಸೆರಗು ಮಾತ್ರ ಅಜ್ಜಿಯದು" ಎಂದ ನೂಲಿಗೆ ಬಣ್ಣ ಹಾಕುವವನು. ಒಬ್ಬ ಮುದಿ ಬಳೆಗಾರ ಮಾತ್ರ, "ಬಾಯಿ ತುಂಬ ಕರೆಯುವ ಹೆಸರು ತಾಯೀ, ಬಿಡಬೇಡ" ಎಂದಿದ್ದ. ಹೊಗಳಿಕೆ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ಅವಳ ಮನಸ್ಸಿಗೆ ಚುಚ್ಚಿದ್ದು ಆ ನಗುವೇ.

ಒಬ್ಬ ವರ್ತಕ ತನ್ನ ಮಗನಿಗೆ ಅವಳನ್ನು ಕೇಳಿದ. ಹುಡುಗ ಒಳ್ಳೆಯವನು, ಅವಳ ಮನಸ್ಸಿಗೂ ಬಂದಿದ್ದ. ವರ್ತಕನಿಗೆ ಹುಡುಗಿ ಒಪ್ಪಿಗೆ, ಮನೆತನ ಒಪ್ಪಿಗೆ, ಹೆಸರು ಒಪ್ಪಿಗೆಯಿಲ್ಲ. ಬರುವ ಸೊಸೆಗೆ ಹೊಸ ಹೆಸರಿಡುವುದು ಅವರ ಮನೆಯ ಪದ್ಧತಿ. ಚಂದ್ರಪ್ರಭೆ ಎಂದು ಗೊತ್ತುಮಾಡಿ, "ಈಗಿನಿಂದಲೇ ಹಾಗೆ ಕರೆಯಿರಿ, ರೂಢಿಯಾಗಲಿ" ಎಂದು ಹೇಳಿ ಹೋದ. ಹುಡುಗಿ ಹಿಗ್ಗಿದಳು. ತಾಯಿಯ ಹೆಸರು ಬಿಡಲು ನೇಕಾರನಿಗೆ ಮನಸ್ಸಿರಲಿಲ್ಲ. ಆದರೂ ಮಗಳ ಆಸೆಯೆಂದು ಮಗ್ಗದ ಲಾಳಿ ಎಸೆದಾಗಲೆಲ್ಲ ಚಂದ್ರಪ್ರಭೆ, ಚಂದ್ರಪ್ರಭೆ ಎಂದು ಬಾಯಿಪಾಠ ಮಾಡಿದ.

ಇಪ್ಪತ್ತು ದಿನವಾಯಿತು. ಒಂದು ಮಧ್ಯಾಹ್ನ ಹುಡುಗಿ ತಂದೆಗೆ ಕುಡಿಯಲು ನೀರು ತರುತ್ತಾ ಹೊಸ್ತಿಲು ಎಡವಿದಳು. ಒಂದು ತಂಬಿಗೆ ನೀರು ನೆಲಕ್ಕೆ ಚೆಲ್ಲಿತು. ಆದದ್ದು ಅಷ್ಟೇ.

"ಏ ಚಂದ್ರಪ್ರಭೆ! ಕಣ್ಣು ಎಲ್ಲಿಟ್ಟಿದ್ದೀಯೇ? ಹೋದ ಮನೆಯಲ್ಲೂ ಹೀಗೇ ಮಾಡಿ ನನ್ನ ಮಾನ ಕಳೆಯುತ್ತೀಯಾ, ದರಿದ್ರದವಳೇ!"

ಮಗ್ಗದ ಸದ್ದು ನಿಂತಿತು. ತಾಯಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. ಹುಡುಗಿ ಬರಿದಾದ ತಂಬಿಗೆ ಹಿಡಿದು ನಿಂತೇ ಇದ್ದಳು. ಹಿಡಿ ರೇಷ್ಮೆ ಕತ್ತರಿಸಿದ ದಿನ ಬಾರದ ಬೈಗುಳ ತಂಬಿಗೆ ನೀರಿಗೆ ಬಂದಿತ್ತು.

ನೇಕಾರ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂತು. "ತಪ್ಪಾಯಿತವ್ವಾ. ನಮ್ಮವ್ವನ ಹೆಸರಿದ್ದಿದ್ದರೆ ನನ್ನ ನಾಲಿಗೆ ಏಳುತ್ತಿರಲಿಲ್ಲ" ಎಂದ.

ಹುಡುಗಿ ನೆಲ ಒರೆಸಿ, ಇನ್ನೊಂದು ತಂಬಿಗೆ ನೀರು ತಂದುಕೊಟ್ಟಳು.

ವಾರದ ಮೇಲೆ ವರ್ತಕ ಹೆಂಡತಿಯನ್ನೂ ಪುರೋಹಿತರನ್ನೂ ಕರೆದುಕೊಂಡು ಲಗ್ನಪತ್ರಿಕೆ ಬರೆಸಲು ಬಂದ. ಹಿರಿಯರು ಚಾಪೆಯ ಮೇಲೆ ಕೂತರು. ಕಾಗದಕ್ಕೆ ಅರಿಶಿನ ಹಚ್ಚಿ, "ವಧುವಿನ ಹೆಸರು?" ಎಂದು ಪುರೋಹಿತರು ಕೇಳಿದರು.

"ಕೆಂಚವ್ವ" ಎಂದು ಬಾಗಿಲ ಹಿಂದಿನಿಂದ ಹುಡುಗಿಯೇ ಹೇಳಿದಳು.

ವರ್ತಕನ ಮುಖ ಕೆಂಪಾಯಿತು. "ಆ ಹೆಸರನ್ನು ಬಿಡದಿದ್ದರೆ ಈ ಸಂಬಂಧವನ್ನೇ ಬಿಡಬೇಕಾದೀತು, ನೋಡಮ್ಮ."

ಹುಡುಗಿ ಹೊರಗೆ ಬಂದು ನಿಂತಳು. ಕಣ್ಣು ತುಂಬಿತ್ತು, ತಲೆ ತಗ್ಗಿರಲಿಲ್ಲ. "ನಿಮ್ಮ ಮಗನನ್ನು ಬಿಡಲು ನನಗೆ ಮನಸ್ಸಿಲ್ಲ ಮಾವ. ಆದರೆ ಈ ಹೆಸರಿಗೆ ನಮ್ಮಪ್ಪ ಹದಿನೇಳು ವರ್ಷ ಬೈಯಲಿಲ್ಲ. ನೀವಿಟ್ಟ ಹೆಸರಿಗೆ ಇಪ್ಪತ್ತೇ ದಿನದಲ್ಲಿ ಬೈದರು. ನಮ್ಮಜ್ಜಿ ನನಗೆ ಬಿಟ್ಟುಹೋದದ್ದು ಇದೊಂದೇ. ನಾನು ಇದನ್ನು ಇಲ್ಲಿ ಬಿಟ್ಟು ಬರಲಾರೆ."

ನೇಕಾರ ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದ. ಅಂದು ಎದ್ದು ಮಗಳ ಪಕ್ಕಕ್ಕೆ ಬಂದು ನಿಂತ. ಆಗ ವರ್ತಕನ ಹೆಂಡತಿ ಮುಂದೆ ಸರಿದು ಕೂತಳು. ಗಂಡನ ಎದುರು ಅವಳು ಬಾಯಿ ತೆರೆದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

"ನನಗೂ ಹೀಗೇ ಹೊಸ ಹೆಸರಿಟ್ಟು ಕರೆತಂದರು" ಎಂದಳು. "ಮೂವತ್ತು ವರ್ಷದಿಂದ ಆ ಹೆಸರಿಗೆ ಬೈಸಿಕೊಳ್ಳುತ್ತಿದ್ದೇನೆ. ನಮ್ಮಪ್ಪ ಕರೆಯುತ್ತಿದ್ದ ಹೆಸರು ಇವರಿಗೆ ಇವತ್ತಿಗೂ ಗೊತ್ತಿಲ್ಲ. ಪುರೋಹಿತರೇ, ಯಾಕೆ ಸುಮ್ಮನೆ ಕೂತಿರಿ? ಕೆಂಚವ್ವ ಎಂದೇ ಬರೆಯಿರಿ. ದೊಡ್ಡದಾಗಿ ಬರೆಯಿರಿ."

ವರ್ತಕ ಹೆಂಡತಿಯ ಮುಖ ನೋಡಿದ. ಏನೋ ಹೇಳಹೊರಟ. ಯಾವ ಹೆಸರಿನಿಂದ ಕರೆಯಬೇಕೆಂದು ತಿಳಿಯದೆ ಸುಮ್ಮನಾದ. ಪುರೋಹಿತರು ಬರೆದರು.

ಗುರುಗಳು ಕತೆ ನಿಲ್ಲಿಸಿ, ಪಕ್ಕದಲ್ಲಿದ್ದ ಮಜ್ಜಿಗೆಯ ಲೋಟ ಎತ್ತಿಕೊಂಡರು.

"ಮದುವೆ ಆಯಿತೇ?" ಎಂದು ಚೆನ್ನವೀರ ಕೇಳಿದ.

"ಆಗದೆ ಏನು? ಹೋಳಿಗೆ ಊಟವೂ ಆಯಿತು."

"ಭಲೇ ಹುಡುಗಿ! ಕತೆ ಬಹಳ ಚೆನ್ನಾಗಿದೆ ಗುರುಗಳೇ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ. ಇಷ್ಟೊಂದು ಹೆಸರಿರುವಾಗ ನನ್ನ ಹೆಂಡತಿ ಮಗುವಿಗೆ ನನ್ನ ತಾಯಿಯ ಹೆಸರನ್ನೇ ಯಾಕೆ ಹುಡುಕಿದಳು?"

ಗುರುಗಳು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

"ಅವಳು ಹೆಸರು ಹುಡುಕಿದ್ದು ಮಗುವಿಗಲ್ಲಪ್ಪಾ, ನಿನ್ನ ಬಾಯಿಗೆ."