ಮೋಡದ ಪೆಟ್ಟಿಗೆಗೆ ಕೈಮುಗಿದ ಗವಿರಂಗ ಮೇಷ್ಟ್ರು

ಕೇಳೋರು ಹತ್ತಿರ ಬನ್ನಿ, ಆಕಳಿಸೋರು ಆಚೆ ಹೋಗಿ. ಇದು ಗವಿರಂಗನ ಕತೆ.

ಮೂಡ್ಲಮ್ಮನಿಗೆ ಒಬ್ಬನೇ ಮಗ ಈ ಗವಿರಂಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಹಾಲು ಉಕ್ಕುತ್ತಾ ನೋಡ್ತಿರು ಅಂದರೆ, ಉಕ್ಕಿ ಒಲೆ ಆರೋ ತನಕ ನೋಡ್ತಾನೇ ಇರೋನು! ಪುಸ್ತಕವನ್ನೂ ಹಾಗೇ, ಅಕ್ಷರ ಬಿಡದೆ ಬಾಯಿಪಾಠ ಮಾಡಿ ಪಾಸಾದ. ಊರ ಶಾಲೆಗೇ ವಿಜ್ಞಾನದ ಮೇಷ್ಟ್ರಾದ. ಸಂಬಳ ಬಂತು, ಬುದ್ಧಿ ಬರಲಿಲ್ಲ.

ಆ ಶಾಲೆಯ ಪ್ರಯೋಗದ ಬೀರುವಿನಲ್ಲಿ ಇದ್ದದ್ದು ಬಿರುಕು ಬಿಟ್ಟ ಒಂದು ಪ್ರನಾಳ, ಮತ್ತೆ ಒಂದು ಜೇಡ. ಹೀಗಿರುವಾಗ ತಾಲ್ಲೂಕಿನಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೆ ತರಬೇತಿ ಅಂತ ಸುದ್ದಿ ಬಂತು. ಅಣುವಿಗಿಂತ ಸಣ್ಣ ಕಣಗಳನ್ನು ಕೈಯಾರೆ ಪ್ರಯೋಗ ಮಾಡಿ ತಿಳಿಯೋದಂತೆ! ಕೊನೇ ದಿನ ಮೋಡದ ಪೆಟ್ಟಿಗೆ ಅಂತ ಗಾಜಿನ ಪೆಟ್ಟಿಗೆ ಕೊಡ್ತಾರಂತೆ. ಅದರೊಳಗೆ ಕಣ ಹಾದುಹೋದ ಗೆರೆಯನ್ನು ಯಾರು ಮೊದಲು ತೋರಿಸ್ತಾರೋ, ಆ ಪೆಟ್ಟಿಗೆ ಅವರ ಶಾಲೆಗೇ ಅಂತೆ! ಮಕ್ಕಳೆಲ್ಲ ಬಸ್ಸಿನ ತನಕ ಬಂದರು. "ಸಾ, ಪೆಟ್ಟಿಗೆ ತರ್ಲೇಬೇಕು ಸಾ! ಬರೀಗೈಲಿ ಬರ್ಬ್ಯಾಡಿ ಸಾ!"

ಮೂಡ್ಲಮ್ಮ ಬಸ್ಸಿನ ಕಿಟಕಿ ಹಿಡಿದುಕೊಂಡು ಹೇಳಿದಳು. "ಮಗಾ, ಆವತ್ತು ನೀನು ತಂದ ಮಿಕ್ಸಿ ಡಬ್ಬದಾಗೆ ಇಟ್ಟಿಗೆ ಇತ್ತು. ಯಾರು ಏನೇ ಕೊಟ್ರೂ ಬಿಚ್ಚಿ ನೋಡ್ಕೊ, ತಿಳೀತಾ?"

"ಆಗ್ಲಿ ಕಣವ್ವ!"

ಹೋದ. ಕಲಿಸಲು ಬಂದಿದ್ದವರು ಜಯಶೀಲಾ ಮೇಡಂ. ಎಲ್ಲರಿಗೂ ಅಂಟು ಹಾಕಿದ ಒಂದೊಂದು ಡಬ್ಬಿ ಕೊಟ್ಟರು. "ಒಳಗೇನಿದೆ ಕಂಡುಹಿಡೀರಿ. ಕಣಗಳೂ ಹೀಗೇ, ಕಣ್ಣಿಗೆ ಕಾಣಲ್ಲ!" ಎಲ್ಲರೂ ಯೋಚನೆ ಮಾಡುತ್ತಾ ಕೂತರು. ಗವಿರಂಗ? ಪರ್ ಅಂತ ಹರಿದ!

"ಹುಣಿಸೆ ಬೀಜ ಮೇಡಂ! ಇಟ್ಟಿಗೆ ಇಲ್ಲ, ಮೋಸ ಇಲ್ಲ!"

"ಬಿಚ್ಚಬಾರದು ಕಣ್ರೀ! ಅಲ್ಲಾಡಿಸಿ, ಸದ್ದು ಕೇಳಿ ತಿಳೀಬೇಕು!"

ಸಾಯಂಕಾಲ ಮನೆಗೆ ಬಂದು ಹೇಳಿದ. ಅವ್ವ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಪೆದ್ದೇ! ಮೇಡಂ ಏನಂದ್ರೋ ಅದೇ ಮಾಡಬಾರದಾ? ನಾಳೆ ಏನು ಕೊಟ್ರೂ ಬಿಚ್ಚಬ್ಯಾಡ. ಅಲ್ಲಾಡಿಸಿ ಸದ್ದು ಕೇಳು!"

"ಆಗ್ಲಿ ಕಣವ್ವ!"

ಮಾರನೇ ದಿನ ಮೇಜಿನ ಮೇಲೊಂದು ಅಗಲವಾದ ಹಲಗೆ. ಹಲಗೆಯ ಅಡಿಯಲ್ಲಿ ಒಂದು ಮರದ ತುಂಡು ಬಚ್ಚಿಟ್ಟಿದೆ. ಅದು ದುಂಡಗಿದೆಯೋ ಚೌಕವೋ ಹೇಳಬೇಕು. ಪಕ್ಕದಲ್ಲಿ ಗೋಲಿಗಳ ರಾಶಿ. ಮೇಡಂ ಬಾಯಿ ತೆಗೆಯೋ ಮೊದಲೇ ಗವಿರಂಗ ಹಲಗೆ, ತುಂಡು ಎರಡನ್ನೂ ತಬ್ಬಿ ಎತ್ತಿದ, ಕಿವಿಗಿಟ್ಟು ಗಡಗಡ ಅಲ್ಲಾಡಿಸಿದ. ತುಂಡು ಜಾರಿ ಮೇಡಂ ಕಾಲಿನ ಮೇಲೇ ಬಿತ್ತು!

"ಅಯ್ಯಪ್ಪಾ! ಅಲ್ಲಾಡಿಸೋದಲ್ಲ ಕಣ್ರೀ! ಗೋಲಿ ಹೊಡೆದು, ಅದು ಎತ್ತ ಪುಟಿಯುತ್ತೆ ಅಂತ ನೋಡಿ ತಿಳೀಬೇಕು!"

ಸಾಯಂಕಾಲ ಅವ್ವ ಮತ್ತೆ ಶುರು. "ಅಯ್ಯೋ ನನ್ನ ಪೆದ್ದೇ! ಹೆಣ್ಮಗಳ ಕಾಲು ಮುರಿದ್ಯಲ್ಲೋ! ನಾಳೆ ಏನನ್ನೂ ಅಲ್ಲಾಡಿಸಬ್ಯಾಡ. ಗೊತ್ತಿಲ್ಲದ್ದು ಏನೇ ಎದುರಿಗೆ ಬಂದ್ರೂ ದೂರದಿಂದ ಗೋಲಿ ಹೊಡೆದು ತಿಳ್ಕೊ!"

"ಆಗ್ಲಿ ಕಣವ್ವ!"

ಜೇಬಿನ ತುಂಬಾ ಗೋಲಿ ತುಂಬಿಕೊಂಡು ಹೋದ. ಆವತ್ತು ತರಬೇತಿ ಹೇಗೆ ನಡೀತಿದೆ ಅಂತ ನೋಡೋಕೆ ದೊಡ್ಡ ಸಾಹೇಬರು ಬಂದರು. ಮಿರಮಿರ ಬೋಳುತಲೆ. ಎಲ್ಲರೂ ಎದ್ದು ನಿಂತರು. ಗವಿರಂಗ ಯೋಚಿಸಿದ. ಯಾರಪ್ಪಾ ಇದು? ಗೊತ್ತಿಲ್ಲವಲ್ಲ! ಗುರಿಯಿಟ್ಟ. ಟಣ್!

"ದುಂಡಗಿದೆ ಮೇಡಂ! ಗಟ್ಟಿಯಾಗಿದೆ! ಹೊಡೆದ ಗೋಲಿ ನನ್ನ ಹತ್ತಿರಕ್ಕೇ ವಾಪಸ್ ಬಂತು!"

ಸಾಹೇಬರು ತಲೆ ಹಿಡಿದುಕೊಂಡರು. "ಯಾವ ಶಾಲೆಯೋನಯ್ಯಾ ಇವನು? ನಾಳೆ ಇನ್ನೊಂದು ಎಡವಟ್ಟಾದರೆ ಪೆಟ್ಟಿಗೆಯೂ ಇಲ್ಲ, ಏನೂ ಇಲ್ಲ!"

ಮೂಡ್ಲಮ್ಮ ಅವತ್ತು ಅತ್ತೇಬಿಟ್ಟಳು. ಮಗ ಪೆದ್ದ ಅನ್ನೋದು ಹಳೇ ಸಂಕಟ. ಶಾಲೆ ಮಕ್ಕಳು ದಿನಾ ಬಾಗಿಲಿಗೆ ಬಂದು, ಅಜ್ಜೀ, ಪೆಟ್ಟಿಗೆ ಬಂತಾ ಅಂತ ಕೇಳ್ತವೆ. ಅವಕ್ಕೆ ಏನು ಹೇಳೋದು? "ಮಗಾ, ಕೈಮುಗೀತೀನಿ ಕೇಳು. ಬಿಚ್ಚಬ್ಯಾಡ, ಅಲ್ಲಾಡಿಸಬ್ಯಾಡ, ಹೊಡೀಬ್ಯಾಡ! ಸುಮ್ಕೆ ಕೂತಿರು. ಯಾರೇ ಬರ್ಲಿ, ಎದ್ದು ನಿಂತು ಕೈಮುಗಿದು, ಬನ್ನಿ, ಎಲ್ಲಿಂದ ಬಂದ್ರಿ ಅಂತ ಕೇಳು. ಹೊರಟ್ರೆ ಹೋಗ್ಬನ್ನಿ ಅನ್ನು. ಅಷ್ಟೇ!"

"ಅಷ್ಟೇನಾ? ಆಗ್ಲಿ ಕಣವ್ವ!"

ಕೊನೇ ದಿನ ಬಂತು. ಸಾಹೇಬರೂ ಬಂದು ಕೂತರು. ಒಬ್ಬೊಬ್ಬರ ಮುಂದೆ ಒಂದೊಂದು ಗಾಜಿನ ಪೆಟ್ಟಿಗೆ. ತಳದಲ್ಲಿ ಕಪ್ಪು ತಗಡು, ಅದರ ಕೆಳಗೆ ಬುಸುಬುಸು ಹೊಗೆಯಾಡುವ ಒಣ ಮಂಜುಗಡ್ಡೆ, ಮೇಲೆ ಮುಚ್ಚಳದ ಒಳಗೆ ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆ. ಕಿಟಕಿ ಮುಚ್ಚಿ, ಪಕ್ಕದಿಂದ ಟಾರ್ಚ್ ಹಚ್ಚಿಟ್ಟರು. ಮೇಡಂ ಹೇಳಿದರು: "ಆಕಾಶದಿಂದ ಮ್ಯುಯಾನ್ ಅನ್ನೋ ಕಣಗಳು ಸದಾ ಬರ್ತಾ ಇರ್ತವೆ. ಸೂರು, ಗೋಡೆ, ನಮ್ಮ ತಲೆ ಎಲ್ಲಾ ತೂರಿಕೊಂಡು ಬರ್ತವೆ. ಪೆಟ್ಟಿಗೆಯಲ್ಲಿ ಮಂಜು ಕದಲದೆ ನಿಂತರೆ, ಅವು ಹಾದ ಕಡೆ ಬಿಳೀ ದಾರದ ಹಾಗೆ ಗೆರೆ ಮೂಡಿ ಮಾಯವಾಗುತ್ತೆ."

ಎಲ್ಲರಿಗೂ ಅವಸರ! ಒಬ್ಬರು ಮುಚ್ಚಳ ಎತ್ತಿ ಇಣುಕಿದರು, ಇದ್ದ ಮಂಜೂ ಹಾರಿಹೋಯಿತು. ಒಬ್ಬರು ಪೆಟ್ಟಿಗೆ ಹಿಡಿದು ಅಲ್ಲಾಡಿಸಿದರು. ಇನ್ನೊಬ್ಬರು ಟಕಟಕ ಅಂತ ಗಾಜು ಕುಟ್ಟಿದರು. ಎಲ್ಲಿಯ ಗೆರೆ! ಗವಿರಂಗ ಬಿಚ್ಚಲಿಲ್ಲ, ಅಲ್ಲಾಡಿಸಲಿಲ್ಲ, ಹೊಡೆಯಲಿಲ್ಲ. ಕೈಕಟ್ಟಿ ಸುಮ್ಮನೆ ಕೂತ. ಕೂತ, ಕೂತ, ಕೂತೇ ಇದ್ದ. ಇದ್ದಕ್ಕಿದ್ದ ಹಾಗೆ ದಡಕ್ಕನೆ ಎದ್ದ!

"ಬನ್ನಿ ಬನ್ನಿ! ಎಲ್ಲಿಂದ ಬಂದ್ರಿ? ಆಗ್ಲೇ ಹೊರಟ್ರಾ? ಹೋಗ್ಬನ್ನಿ!"

ಕೂತ. ಮತ್ತೆ ಎದ್ದ. "ಬನ್ನಿ ಬನ್ನಿ! ಎಲ್ಲಿಂದ ಬಂದ್ರಿ?"

ಸಾಹೇಬರಿಗೆ ಮೈಯೆಲ್ಲಾ ಉರಿದುಹೋಯಿತು. "ಶುರುವಾಯ್ತು! ಯಾರಿಗಯ್ಯಾ ನಮಸ್ಕಾರ?"

"ಇವರಿಗೇ ಸಾ! ಬಂದ್ರು, ಹೋದ್ರು. ನೋಡಿ ಸಾ, ಇನ್ನೊಬ್ರು!"

ಜಯಶೀಲಾ ಮೇಡಂ ಕುಂಟುತ್ತಾ ಓಡಿಬಂದು ಬಗ್ಗಿ ನೋಡಿದರು. ಕಪ್ಪು ತಗಡಿನ ಮೇಲೆ ಬೆಳ್ಳಗೆ ಒಂದು ಎಳೆ! ಮೂಡಿತು, ಮಾಯವಾಯಿತು. ಇನ್ನೊಂದು! ಮತ್ತೊಂದು! "ಗೆರೆ! ಗೆರೆ ಬಂತು!" ಅಂತ ಮೇಡಂ ಕೂಗಿದ್ದು ಬೀದಿಗೆ ಕೇಳಿಸಿತು. ಮೇಷ್ಟ್ರುಗಳೆಲ್ಲ ಮುತ್ತಿಕೊಂಡರು. ಹಿಂದೆ ನಿಂತವರಿಗೆ ಪೆಟ್ಟಿಗೆ ಕಾಣದು. ಗವಿರಂಗ ಎದ್ದರೆ ಕಣ ಬಂತು ಅಂತ ಲೆಕ್ಕ! ಅವನು ಎದ್ದಾಗಲೆಲ್ಲ ಇವರಿಂದ ಚಪ್ಪಾಳೆ. ಸಾಹೇಬರೂ ತಲೆಯ ಮೇಲಿನ ಬುಗುಟು ಸವರಿಕೊಂಡು, ತಮಗೆ ತಿಳಿಯದ ಹಾಗೇ ಕೈಮುಗಿದುಬಿಟ್ಟರು.

ಪೆಟ್ಟಿಗೆ ಗವಿರಂಗನ ಶಾಲೆಗೇ! ಬಸ್ಸಿಳಿದದ್ದೇ ತಡ, ಮಕ್ಕಳು ಪೆಟ್ಟಿಗೆ ಹೊತ್ತು, ಶಿಳ್ಳೆ ಹೊಡೆಯುತ್ತಾ, ಮೇಷ್ಟ್ರನ್ನು ಮುಂದೆ ಮಾಡಿಕೊಂಡು ಮೂಡ್ಲಮ್ಮನ ಅಡುಗೆಮನೆಯ ತನಕ ಬಂದರು.

ಮೂಡ್ಲಮ್ಮ ದೃಷ್ಟಿ ತೆಗೆದಳು. "ಗೆದ್ದ್ಯಲ್ಲೋ ನನ್ನಪ್ಪಾ! ಅಲ್ಲಾ, ಆಕಾಶದಿಂದ ಬರೋ ಆ ಮ್ಯಾಲಿನೋರು ನಮ್ಮನೇಗೂ ಬತ್ತಾರಾ?"

"ಬತ್ತಾರೆ ಕಣವ್ವ! ಸೂರು ತೂರ್ಕಂಡು ಬತ್ತಾರಂತೆ!"

"ಪಾಪ, ಅಷ್ಟು ದೂರದಿಂದ ಬರೋರು! ಅವರ ದಾರೀಲಿ ಏನೂ ಅಡ್ಡ ಇಡಬ್ಯಾಡ ಕಣೋ. ನಾನು ಬೀದಿಗೆಲ್ಲಾ ಹೇಳಿ ಬತ್ತೀನಿ."

"ಆಗ್ಲಿ ಕಣವ್ವ!"

ಮೂಡ್ಲಮ್ಮ ಮನೆಮನೆಗೂ ಹೋಗಿ, ನನ್ನ ಮಗ ಪೆದ್ದನಲ್ಲ, ನನ್ನ ಮಗ ಪೆದ್ದನಲ್ಲ ಅಂತ ಸಾರಿದಳು. ಇಡೀ ಬೀದಿಯನ್ನು ಹಿಂದೆ ಕಟ್ಟಿಕೊಂಡು ಬಂದು ಅಡುಗೆಮನೆ ಬಾಗಿಲು ತೆಗೆದಳು. ನೋಡ್ತಾಳೆ, ಒಳಗೆಲ್ಲಾ ಬಿಸಿಲು! ತಲೆ ಎತ್ತಿದರೆ ಬರೀ ಆಕಾಶ! ಹೆಂಚೆಲ್ಲಾ ಅಂಗಳದಲ್ಲಿ ಅಚ್ಚುಕಟ್ಟಾಗಿ ಪೇರಿಸಿದೆ. ಮಕ್ಕಳು ಸಾಲಾಗಿ ನಿಂತು ಮೇಲೆ ನೋಡುತ್ತಾ ಕೈಮುಗಿದಿವೆ. ಗೋಡೆಯ ಮೇಲೆ ಗವಿರಂಗ, ಕಂಕುಳಲ್ಲಿ ಕೊನೇ ಹೆಂಚು.

"ಅಯ್ಯೋ ನನ್ನ ಪೆದ್ದೇ!" ಅಂತ ಮೂಡ್ಲಮ್ಮ ಸೌಟು ಹುಡುಕಿಕೊಂಡು ಓಡಿದಳು.

ಗವಿರಂಗ ಹೆಂಚನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಎದ್ದು ನಿಂತು, ಕೈಮುಗಿದ.

"ಆಗ್ಲೇ ಹೊರಟ್ರಾ ಅವ್ವ? ಹೋಗ್ಬನ್ನಿ!"